ಎರೆಮಣ್ಣಿಗೆ ಇಳಿಯುವ ರೇಡಿಯೋ ಕಾರು: ಹೊಸಬರು ಅರಿಯಬೇಕಾದ ಬಗೆಗಳು

ಕರ್ನಾಟಕ ಏಕೀಕರಣದ ಮುಂದಾಳು ಅಂದಾನಪ್ಪ ದೊಡ್ಡಮೇಟಿಯವರ ಊರಾದ ಜಕ್ಕಲಿ, ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿದೆ. ಸುತ್ತಮುತ್ತ ಎರೆಭೂಮಿ. ಬೇಸಿಗೆಯಲ್ಲಿ ಅಂಗೈಯಗಲದ ಬಿರುಕು ಬಿಡುವ, ಮಳೆ ಬಿದ್ದೊಡನೆ ಅಂಟಿನಂತಾಗುವ ಕಪ್ಪು ಮಣ್ಣು. ಬೆಂಗಳೂರು, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ಕೊಂಡ ರೇಡಿಯೋ ನಿಯಂತ್ರಿತ ಕಾರನ್ನು ರಜೆಗೆ ಇಂತಹ ಊರಿಗೆ ಒಯ್ಯುವ ಕುಟುಂಬಗಳಿಗೆ ಮೊದಲ ಪಾಠ ಕಲಿಸುವುದು ಈ ಮಣ್ಣೇ. ನಯವಾದ ನೆಲಹಾಸಿನ ಮೇಲೆ ಚಿಮ್ಮುತ್ತಿದ್ದ ಕಾರು ಚಕ್ಕಡಿ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ನಿಂತುಬಿಡುತ್ತದೆ. ದೋಷ ಕಾರಿನದಲ್ಲ, ಆಯ್ಕೆಯದು.

ಮಣ್ಣು, ಮರಳು, ಕಲ್ಲು, ಹುಲ್ಲುಗಳ ಮೇಲೆ ಓಡಲೆಂದೇ ರೂಪಿಸಿದ ಕಾರುಗಳನ್ನು ‘ಆಫ್‌ರೋಡ್’ ಎನ್ನಲಾಗುತ್ತದೆ. ಇವುಗಳ ಬಗೆಗಳನ್ನು ತಿಳಿಯುವ ಮುನ್ನ ಇನ್ನೊಂದು ಭೇದವನ್ನು ಗ್ರಹಿಸುವುದು ಅಗತ್ಯ. ಆಟಿಕೆ ಅಂಗಡಿಯ ಅಗ್ಗದ ಕಾರುಗಳಲ್ಲಿ ಚಕ್ರ ಪೂರ್ತಿ ಎಡಕ್ಕೆ ಇಲ್ಲವೇ ಪೂರ್ತಿ ಬಲಕ್ಕೆ ತಿರುಗುತ್ತದೆ, ನಡುವಿನ ಹಂತವಿಲ್ಲ. ಒಂದು ಹಲ್ಲುಗಾಲಿ ಮುರಿದರೆ ಇಡೀ ಕಾರು ಗುಜರಿಗೆ. ಹವ್ಯಾಸಿ ದರ್ಜೆಯ ಕಾರಿನಲ್ಲಿ ಬೆರಳು ಎಷ್ಟು ಒತ್ತಿತೋ ಅಷ್ಟೇ ವೇಗ, ಎಷ್ಟು ತಿರುಗಿಸಿತೋ ಅಷ್ಟೇ ತಿರುವು. ಮೋಟಾರು, ಸರ್ವೋ, ರಿಸೀವರ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಬಿಡಿಯಾಗಿ ಬದಲಿಸಬಹುದು. ಬೆಲೆ ಹಲವು ಪಟ್ಟು ಹೆಚ್ಚು, ನಿಜ. ಆದರೆ ವರ್ಷಕ್ಕೆ ಮೂರು ಅಗ್ಗದ ಕಾರು ಕೊಂಡು ಎಸೆಯುವ ಮನೆಗಳೂ ಕಡಿಮೆಯಿಲ್ಲ.

ಈ ಹವ್ಯಾಸಕ್ಕೆ ಇಂದಿನ ರೂಪ ಬಂದದ್ದು 1979ರಲ್ಲಿ, ಜಪಾನಿನ ತಮಿಯಾ ಸಂಸ್ಥೆಯು ‘ರಫ್ ರೈಡರ್’ ಹಾಗೂ ‘ಸ್ಯಾಂಡ್ ಸ್ಕಾರ್ಚರ್’ ಎಂಬ ಮಾದರಿಗಳನ್ನು ಹೊರತಂದಾಗ. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಯ ‘ಆರ್‌ಸಿ 10’ ಬಂದ ಬಳಿಕ ಅಲ್ಯೂಮಿನಿಯಂ ಚಾಸಿ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್‌ಗಳು ಸ್ಪರ್ಧೆಯ ಮಾನದಂಡಗಳಾದವು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಈ ವರ್ಗದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಆ ಸ್ಪರ್ಧೆಗಳಲ್ಲಿ ಓಡಿದ್ದು ‘ಬಗ್ಗಿ’. ನೆಲಕ್ಕೆ ಹತ್ತಿರವಾದ ಒಡಲು, ಹೊರಚಾಚಿದ ಚಕ್ರಗಳು, ಹಿಂದೊಂದು ರೆಕ್ಕೆ. ತಿರುವಿನಲ್ಲಿ ಇದರಷ್ಟು ಚುರುಕಾದುದು ಬೇರೊಂದಿಲ್ಲ. ಆದರೆ ನೆಲ ಹದವಾಗಿರಬೇಕು. ಉತ್ತ ಹೊಲದ ಹೆಂಟೆಗಳ ನಡುವೆ ಬಗ್ಗಿಯ ಹೊಟ್ಟೆ ನೆಲಕ್ಕೆ ತಾಗಿ ಚಕ್ರಗಳು ಗಾಳಿಯಲ್ಲಿ ತಿರುಗುತ್ತವೆ. ಬಗ್ಗಿಯ ಒಡಲಿಗೆ ಟ್ರಕ್ಕಿನ ದೊಡ್ಡ ಚಕ್ರ ಜೋಡಿಸಿದರೆ ಅದು ‘ಟ್ರಗ್ಗಿ’. ಹೆಸರಿನಂತೆಯೇ ಗುಣವೂ ಎರಡರ ನಡುವಿನದು.

‘ಷಾರ್ಟ್ ಕೋರ್ಸ್ ಟ್ರಕ್’ 2008ರಲ್ಲಿ ಟ್ರಾಕ್ಸಸ್ ಕಂಪನಿಯ ‘ಸ್ಲ್ಯಾಷ್’ ಮೂಲಕ ಜನಪ್ರಿಯವಾಯಿತು. ಪಿಕಪ್ ವಾಹನದಂತಹ ಅಗಲ ಹೊದಿಕೆ ಚಕ್ರಗಳನ್ನೂ ಮುಚ್ಚುವುದರಿಂದ ಎರಡು ಕಾರುಗಳು ಡಿಕ್ಕಿಯಾದರೂ ಚಕ್ರಕ್ಕೆ ಚಕ್ರ ಸಿಕ್ಕಿಕೊಳ್ಳುವುದಿಲ್ಲ. ಹೊಸಬರ ಕೈಗೆ ಇದು ಒಗ್ಗುತ್ತದೆ. ಎತ್ತರಕ್ಕೆ ಜಿಗಿದಾಗ ಮಾತ್ರ ಹೊದಿಕೆಯ ಒಳಗೆ ಗಾಳಿ ತುಂಬಿ ಕಾರು ಮೂತಿ ಮೇಲೆತ್ತುತ್ತದೆ. ರೋಣ, ಗಜೇಂದ್ರಗಡಗಳ ಕಡೆ ‘ಮಸಾರಿ’ ಎಂದು ಕರೆಯುವ ಕೆಂಪು ನೆಲ ಸಿಕ್ಕರೆ ಈ ಟ್ರಕ್ಕಿಗೆ ಅದಕ್ಕಿಂತ ಒಳ್ಳೆಯ ಅಂಗಳ ಬೇಡ.

ಮಕ್ಕಳ ಕಣ್ಣು ಮೊದಲು ಹೋಗುವುದು ‘ಮಾನ್‌ಸ್ಟರ್ ಟ್ರಕ್’ ಕಡೆಗೆ. ದೈತ್ಯ ಚಕ್ರ, ಎತ್ತರದ ಚಾಸಿ, ಉದ್ದದ ಸಸ್ಪೆನ್ಷನ್. ಒಣಗಿದ ಎರೆಯ ಬಿರುಕು, ಕೊಯ್ಲಾದ ಜೋಳದ ಕೊಳೆ, ಹೊಲದ ಒಡ್ಡು ಇವೆಲ್ಲವನ್ನೂ ದಾಟಬಲ್ಲದ್ದು ಇದೇ. ಗುರುತ್ವ ಕೇಂದ್ರ ಮೇಲಿರುವ ಕಾರಣ ವೇಗದ ತಿರುವಿನಲ್ಲಿ ಪಲ್ಟಿ ಖಚಿತ. ಒಂದೇ ಕಾರು ಕೊಳ್ಳುವ ಶಕ್ತಿಯಿದ್ದು ಅದನ್ನು ಬಯಲುಸೀಮೆಯ ಹೊಲದಲ್ಲಿ ಓಡಿಸುವುದಾದರೆ, ನಾಲ್ಕೂ ಚಕ್ರಕ್ಕೆ ಬಲವಿರುವ 1/10 ಅಳತೆಯ ಮಾನ್‌ಸ್ಟರ್ ಟ್ರಕ್ಕೇ ಸೂಕ್ತ. (1/10 ಎಂದರೆ ನಾಲ್ಕು ಮೀಟರಿನ ನಿಜವಾದ ವಾಹನ ನಲವತ್ತು ಸೆಂಟಿಮೀಟರಿಗೆ ಇಳಿದಂತೆ.)

ಇವೆಲ್ಲಕ್ಕಿಂತ ಭಿನ್ನವಾದುದು ‘ಕ್ರಾಲರ್’. ಅದಕ್ಕೆ ವೇಗದ ಹಂಗಿಲ್ಲ. ಮನುಷ್ಯನ ನಡಿಗೆಗಿಂತ ನಿಧಾನವಾಗಿ ಬಂಡೆಯನ್ನು ತಬ್ಬಿ ಏರುವುದೇ ಅದರ ಕೆಲಸ. ಸಾಮಾನ್ಯ ಕಾರಿನ ಡಿಫರೆನ್ಷಿಯಲ್ ತಿರುವಿನಲ್ಲಿ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡುತ್ತದೆ. ಒಂದು ಚಕ್ರ ನೆಲ ಬಿಟ್ಟರೆ ಬಲವೆಲ್ಲ ಅದಕ್ಕೇ ಹರಿದು ವ್ಯರ್ಥವಾಗುತ್ತದೆ. ಕ್ರಾಲರ್‌ನಲ್ಲಿ ಸಾಮಾನ್ಯವಾಗಿ ಇದನ್ನು ಬಂಧಿಸಿರುವುದರಿಂದ ನೆಲ ಹಿಡಿದ ಚಕ್ರ ತಳ್ಳುತ್ತಲೇ ಇರುತ್ತದೆ. ಗಜೇಂದ್ರಗಡದ ಕಲ್ಲುಗುಡ್ಡದಂತಹ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ನಗರದ ಅಪಾರ್ಟ್‌ಮೆಂಟಿನವರಿಗೂ ಒಂದು ದಾರಿಯಿದೆ: 1/24 ಅಳತೆಯ ಪುಟ್ಟ ಕ್ರಾಲರ್‌ಗಳು ಪುಸ್ತಕಗಳ ರಾಶಿಯ ಮೇಲೂ ಹತ್ತುತ್ತವೆ, ನೆರೆಯವರ ನಿದ್ದೆ ಕೆಡಿಸುವುದಿಲ್ಲ.

ಮೆಥನಾಲ್, ನೈಟ್ರೋಮೀಥೇನ್ ಬೆರೆತ ಇಂಧನದಿಂದ ಓಡುವ ‘ನೈಟ್ರೋ’ ಕಾರುಗಳ ಸದ್ದು, ಹೊಗೆಗೆ ಮಾರುಹೋಗುವವರುಂಟು. ಇಂಧನ ದೊರಕಿಸುವ ತೊಂದರೆ, ಎಂಜಿನ್ ಹೊಂದಿಸುವ ಕಷ್ಟ ಎರಡೂ ಇರುವುದರಿಂದ ಹೊಸಬರು ವಿದ್ಯುತ್ ಮೋಟಾರಿನ ಕಾರನ್ನೇ ಆರಿಸುವುದು ಲೇಸು. ಬ್ರಷ್ ಇರುವ ಮೋಟಾರು ಅಗ್ಗ, ಆದರೆ ಸವೆಯುತ್ತದೆ. ಬ್ರಷ್‌ರಹಿತ ಮೋಟಾರು ಬಾಳಿಕೆಯದು, ಆದರೆ ಅದರ ವೇಗ ಕಲಿಯುವವರ ಕೈಮೀರುತ್ತದೆ. ಅದರ ಮೇಲೆ ಬರೆದ ‘ಕೆವಿ’ ಅಂಕಿ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಸೂಚಿಸುತ್ತದೆ. 3,000 ಕೆವಿ ಮೋಟಾರಿಗೆ 7.4 ವೋಲ್ಟಿನ ಬ್ಯಾಟರಿ ಜೋಡಿಸಿದರೆ ಹೊರೆಯಿಲ್ಲದಾಗ ನಿಮಿಷಕ್ಕೆ 22,200 ಸುತ್ತು. ಹತ್ತು ವರ್ಷದ ಹುಡುಗನಿಗೆ ಇದು ಆಟಿಕೆಯಲ್ಲ. ಕಾಲಿಗೆ ಬಡಿದರೆ ಗಾಯ ಮಾಡುವ ಯಂತ್ರ.

ನಿಜವಾದ ಅಪಾಯವಿರುವುದು ಬ್ಯಾಟರಿಯಲ್ಲಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್, ಅದನ್ನು ಮೀರಿ ತುಂಬಿದರೆ ಬೆಂಕಿ ಹತ್ತಬಹುದು, 3 ವೋಲ್ಟಿಗಿಂತ ಕೆಳಗಿಳಿಸಿದರೆ ಕೋಶ ಕೆಡುತ್ತದೆ. ಕೋಶಗಳನ್ನು ಸಮತೋಲನಗೊಳಿಸುವ ಚಾರ್ಜರ್ ಬಳಸಬೇಕು. 5,000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಮೀರದಂತೆ ಚಾರ್ಜ್ ಮಾಡುವುದು ಕ್ಷೇಮ. ಚಾರ್ಜಿಗೆ ಹಾಕಿ ಮಲಗುವುದು, ಊದಿಕೊಂಡ ಬ್ಯಾಟರಿಯನ್ನು ‘ಇನ್ನೊಂದು ಸಲ’ ಎಂದು ಬಳಸುವುದು, ರೋಣದ ಬೇಸಿಗೆಯ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಬಿಡುವುದು ಸರ್ವಥಾ ಸಲ್ಲದು. ಮಕ್ಕಳೇ ಓಡಿಸುವುದಾದರೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಸಾಕು. ಓಟ ಸ್ವಲ್ಪ ಮಂದ, ಮನೆಗೆ ನಿಶ್ಚಿಂತೆ.

ಖರೀದಿಯಲ್ಲೂ ಎಚ್ಚರ ಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಗಳ ಮೇಲಿನ ಆಮದು ಸುಂಕವು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಆದ್ದರಿಂದ ವಿದೇಶಿ ಜಾಲತಾಣದ ಬೆಲೆ ನೋಡಿ ಲೆಕ್ಕ ಹಾಕಿದವರು ಪೇಚಿಗೆ ಸಿಲುಕಬಹುದು. ಬಿಡಿಭಾಗ ಈ ದೇಶದಲ್ಲೇ ಸಿಗುವ ಮಾದರಿ ಯಾವುದೆಂದು ಮೊದಲು ವಿಚಾರಿಸಿ, ಆಮೇಲೆ ಬಣ್ಣ ಆರಿಸುವುದು ಜಾಣತನ. ರೇಡಿಯೋ ಬಗ್ಗೆ ಹೆಚ್ಚು ಚಿಂತೆ ಬೇಡ. ಹಿಂದೆ 27 ಮೆಗಾಹರ್ಟ್ಸ್ ಕಾರುಗಳು ಒಂದೇ ತರಂಗಾಂತರದಲ್ಲಿದ್ದರೆ ಒಬ್ಬರ ಕಾರು ಇನ್ನೊಬ್ಬರ ಮಾತು ಕೇಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸಾಧನಗಳು ತಮ್ಮ ಜೋಡಿಯನ್ನು ಗುರುತಿಸುತ್ತವೆ, ಮತ್ತು ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ತರಂಗಪಟ್ಟಿಯಲ್ಲಿ 2005ರಲ್ಲೇ ಭಾರತದಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆತಿದೆ.

ಮತ್ತೆ ಮಣ್ಣಿನ ಮಾತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡಲು ಒದಗುವ ಎರೆಯ ಅಂಟುಗುಣವೇ ಕಾರಿಗೆ ಶತ್ರು. ಹಸಿ ಎರೆಯಲ್ಲಿ ಚಕ್ರಕ್ಕೆ ಮಣ್ಣು ಸುತ್ತಿ ಉಂಡೆಯಾಗುತ್ತದೆ, ಮೋಟಾರು ತಿರುಗಲಾರದೆ ಕಾಯುತ್ತದೆ, ವೇಗ ನಿಯಂತ್ರಕ ಸುಡುತ್ತದೆ. ‘ವಾಟರ್‌ಪ್ರೂಫ್’ ಎಂಬ ಚೀಟಿ ನೀರನ್ನು ತಡೆದೀತು, ಈ ಹೊರೆಯನ್ನಲ್ಲ. ಮಳೆಯಾದ ಮೇಲೆ ಎರಡು ದಿನ ಬಿಸಿಲು ಬೀಳುವವರೆಗೆ ಕಾರು ಹೊಲಕ್ಕಿಳಿಯಬಾರದು. ಅಕಸ್ಮಾತ್ ಇಳಿದರೆ ಕೊಳಾಯಿಯ ಕೆಳಗೆ ಹಿಡಿದು ತೊಳೆಯುವ ಆತುರವೂ ಬೇಡ. ನೀರಿನೊಂದಿಗೆ ನುಣ್ಣನೆಯ ಕೆಸರು ಬೇರಿಂಗಿನೊಳಗೆ ಸೇರುತ್ತದೆ. ಬ್ಯಾಟರಿ ತೆಗೆದು, ನೆರಳಿನಲ್ಲಿ ಒಣಗಲು ಬಿಟ್ಟರೆ ಎರೆ ತಾನಾಗಿ ಬಿರಿದು ಹೆಂಟೆಯಾಗಿ ಉದುರುತ್ತದೆ. ಉಳಿದುದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.