ದಿನ ಎಣಿಸಿದ್ದು ಎಲ್ಲಿಂದ? ವಿಟಮಿನ್ ಸಿ–ಕ್ಯಾನ್ಸರ್ ವಿವಾದದ ಒಂದು ಸಾಕ್ಷ್ಯದ ಮರುವಿಚಾರಣೆ

ವಿಟಮಿನ್ ಸಿ ವಿವಾದದ ಚರಿತ್ರೆಗೆ ಎವೆಲೀನ್ ರಿಚರ್ಡ್ಸ್ ಅವರ 1991ರ ಪುಸ್ತಕ ಇಂದಿಗೂ ಮುಖ್ಯ ಆಕರ. ಚಿಕಿತ್ಸೆಯ ಮೌಲ್ಯಮಾಪನ ತಟಸ್ಥವಾದುದಲ್ಲ, ವಿಟಮಿನ್ ಸಿಯಿಂದ ಕ್ಯಾನ್ಸರ್ ರೋಗಿಗಳಿಗೆ ಪ್ರಯೋಜನವಿಲ್ಲವೆಂಬ ಮೇಯೊ ಕ್ಲಿನಿಕ್ಕಿನ ತೀರ್ಪು ನಿಂತದ್ದರಲ್ಲಿ ವೈದ್ಯವೃತ್ತಿಯ ಅಧಿಕಾರದ ಪಾಲೂ ಇದೆ ಎಂಬುದು ಅವರ ವಾದದ ತಿರುಳು. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಧಿಕಾರದ ಲೆಕ್ಕ ಹಿಡಿಯುವ ಭರದಲ್ಲಿ ಅವರು ರೋಗಿಗಳು ಬದುಕಿದ ದಿನಗಳ ಲೆಕ್ಕವನ್ನು ಎರಡು ಬಣಗಳ ವಾಗ್ವಾದದ ಸಾಮಗ್ರಿಯಾಗಿ ಮಾತ್ರ ನೋಡಿದ್ದಾರೆ. ಅವರ ದಾರಿ ಹಿಡಿದವರಂತೂ ಮೂಲ ಪ್ರಬಂಧದ ಕೋಷ್ಟಕಗಳ ಗೊಡವೆಗೇ ಹೋಗದೆ ‘ಪಾಲಿಂಗ್‌ಗೆ ಅನ್ಯಾಯವಾಯಿತು’ ಎಂದು ಬರೆಯುತ್ತಾರೆ. ಈ ವಿವಾದದ ಗಂಟು ಇರುವುದು ಮೇಯೊ ಕ್ಲಿನಿಕ್ಕಿನಲ್ಲಿ ಅಲ್ಲ, 1976ರ ಪ್ರಬಂಧದ ಒಂದೇ ಒಂದು ದಿನಾಂಕದಲ್ಲಿ ಎಂಬುದು ನನ್ನ ವಾದ.

ಆ ಪ್ರಬಂಧವನ್ನು ಯೂವನ್ ಕ್ಯಾಮರಾನ್ ಮತ್ತು ಲೈನಸ್ ಪಾಲಿಂಗ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಕಾಟ್ಲೆಂಡಿನ ವೇಲ್ ಆಫ್ ಲೆವೆನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಕ್ಯಾಮರಾನ್, ಕೈಮೀರಿದ ಕ್ಯಾನ್ಸರಿನ 100 ರೋಗಿಗಳಿಗೆ ದಿನಕ್ಕೆ ಸುಮಾರು 10 ಗ್ರಾಂ ಅಸ್ಕಾರ್ಬೇಟ್ ಕೊಟ್ಟಿದ್ದರು. ಸಾಮಾನ್ಯವಾಗಿ ಮೊದಲ ಹತ್ತು ದಿನ ಡ್ರಿಪ್ಪಿನಲ್ಲಿ, ಆಮೇಲೆ ಬಾಯಿಯ ಮೂಲಕ. ಪ್ರತಿಯೊಬ್ಬ ರೋಗಿಗೂ ಅದೇ ವಯಸ್ಸು, ಅದೇ ಲಿಂಗ, ಅದೇ ಬಗೆಯ ಗಡ್ಡೆ ಇದ್ದ ಹತ್ತು ಮಂದಿಯನ್ನು ಹಳೆಯ ಕೇಸ್ ಫೈಲುಗಳಿಂದ ಆರಿಸಿ, ಒಟ್ಟು 1000 ಜನರ ಹೋಲಿಕೆ ಗುಂಪು ಕಟ್ಟಲಾಯಿತು. ಅಸ್ಕಾರ್ಬೇಟ್ ಪಡೆದವರು ಸರಾಸರಿ 210 ದಿನಕ್ಕೂ ಹೆಚ್ಚು ಬದುಕಿದರು, ಉಳಿದವರು 50 ದಿನ. ನಾಲ್ಕು ಪಟ್ಟಿಗೂ ಮೀರಿದ ಈ ಅಂತರವನ್ನು ಓದಿದ ಯಾವ ರೋಗಿಯ ಮನೆಯವರಿಗೆ ಆಸೆ ಚಿಗುರದೆ ಇದ್ದೀತು? ಆ ಆಸೆಯನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಪಾಲಿಂಗ್ ಅವರನ್ನು ಅರಳುಮರಳಿನ ಮುದುಕನೆಂದು ಗೇಲಿ ಮಾಡಿದವರ ಜೊತೆಯೂ ಇಲ್ಲ.

ಈಗ ದಿನಾಂಕಕ್ಕೆ ಬರೋಣ. ಎರಡೂ ಗುಂಪುಗಳಲ್ಲಿ ದಿನ ಎಣಿಸಿದ್ದು, ರೂಢಿಯ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ ಎಂದು ವೈದ್ಯರು ಕೈಚೆಲ್ಲಿದ ದಿನದಿಂದ. ಕ್ಯಾಮರಾನ್ ಅವರ ರೋಗಿಗಳ ವಿಷಯದಲ್ಲಿ ಈ ತೀರ್ಮಾನ ಹಾಸಿಗೆಯ ಪಕ್ಕದಲ್ಲಿ, ರೋಗಿಯ ಮುಖ ನೋಡಿ ಆದದ್ದು. ಹೋಲಿಕೆ ಗುಂಪಿನ 1000 ಮಂದಿಯ ವಿಷಯದಲ್ಲಿ ಅದನ್ನು ಫೈಲು ತಿರುವಿ ಗೊತ್ತುಮಾಡಬೇಕಾಯಿತು. ಹೊಟ್ಟೆ ತೆರೆದು ನೋಡಿ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದು ಮುಚ್ಚಿದ ದಿನ, ಚಿಕಿತ್ಸೆ ನಿಲ್ಲಿಸಿದ ದಿನ, ಇಲ್ಲವೇ ಕೊನೆಗಾಲದ ಆರೈಕೆಗೆಂದು ಕೊನೆಯ ಬಾರಿ ಆಸ್ಪತ್ರೆಗೆ ಸೇರಿದ ದಿನ ಎಂದು ಲೇಖಕರೇ ಅದರ ಬಗೆಗಳನ್ನು ಹೇಳಿದ್ದಾರೆ. ಮೂರನೆಯದನ್ನು ನಿಧಾನವಾಗಿ ಓದಬೇಕು. ಕೊನೆಯ ಬಾರಿ ಸೇರಿದ್ದು ಎಂದು ಗೊತ್ತಾಗುವುದೇ ರೋಗಿ ಅಲ್ಲಿ ತೀರಿಕೊಂಡ ಮೇಲೆ. ಬದುಕಿರುವ ರೋಗಿಗೆ ಅಂಥ ದಿನಾಂಕ ಯಾರೂ ಹಾಕಲಾರರು. ಎಂದರೆ ಒಂದು ಗುಂಪಿಗೆ ಬದುಕಿದ್ದಾಗಲೇ ದಿನಾಂಕ ಬಿತ್ತು. ಇನ್ನೊಂದಕ್ಕೆ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗಾದರೂ, ಸಾವಿನಿಂದ ಹಿಂದಕ್ಕೆ ಎಣಿಸಿ ಬಿತ್ತು.

ಇದರ ಪರಿಣಾಮವನ್ನು ವಿಲಿಯಂ ಡಿವಿಸ್ 1982ರಲ್ಲಿ ಎತ್ತಿ ತೋರಿಸಿದರು. ಹೋಲಿಕೆ ಗುಂಪಿನ ಶೇ. 20ರಷ್ಟು ಮಂದಿ ಕೈಚೆಲ್ಲಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಅಸ್ಕಾರ್ಬೇಟ್ ಪಡೆದವರಲ್ಲಿ ಹಾಗೆ ಹೋದವರು ಒಬ್ಬರೂ ಇಲ್ಲ. ಅತ್ಯಂತ ಶಕ್ತಿಶಾಲಿ ಔಷಧಕ್ಕೂ ಮೊದಲ ವಾರದಲ್ಲೇ ಇಂಥ ಅಂತರ ತರುವುದು ಕಷ್ಟ. ಎರಡು ಗುಂಪುಗಳು ರೋಗದ ಒಂದೇ ಮೆಟ್ಟಿಲಿನಿಂದ ಹೊರಟಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಈ ಮಾತು ವಿಮರ್ಶೆಯ ಕೇಂದ್ರದಲ್ಲಿರಬೇಕಿತ್ತು. ಅಡಿಟಿಪ್ಪಣಿಯ ಮಟ್ಟದಲ್ಲಿಯೇ ಉಳಿದುಹೋಯಿತು.

ಇಲ್ಲಿ ನನ್ನ ಪಕ್ಷದವರೂ ಒಂದು ತಪ್ಪು ಮಾಡುತ್ತಾರೆ. ಕ್ಯಾಮರಾನ್ ಮತ್ತು ಪಾಲಿಂಗ್ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದರೆಂಬುದನ್ನು ಹೇಳದೆ ಮುಂದೆ ಸಾಗುತ್ತಾರೆ. 1978ರ ಎರಡನೆಯ ಪ್ರಬಂಧದಲ್ಲಿ ಹೋಲಿಕೆ ಗುಂಪನ್ನು ಭಾಗಶಃ ಹೊಸದಾಗಿ ಕಟ್ಟಲಾಗಿತ್ತು. ಕೈಚೆಲ್ಲಿದ ದಿನದ ಜೊತೆಗೆ, ರೋಗಿ ಮೊದಲ ಸಲ ಆಸ್ಪತ್ರೆಗೆ ಬಂದ ದಿನದಿಂದಲೂ ಲೆಕ್ಕ ಹಾಕಲಾಗಿತ್ತು. ಆ ದಿನ ದಾಖಲೆಯಲ್ಲಿ ಖಚಿತವಾಗಿರುತ್ತದೆ, ಯಾರ ಅಭಿಪ್ರಾಯವೂ ಅದನ್ನು ಬದಲಿಸಲಾರದು. ಆಗಲೂ ಅಂತರ ಸುಮಾರು 300 ದಿನ ಬಂತು. ಕೈಚೆಲ್ಲಿದ ಮೇಲೆ ವರ್ಷಕ್ಕಿಂತ ಹೆಚ್ಚು ಬದುಕಿದವರು ಒಂದು ಕಡೆ ಶೇ. 22, ಇನ್ನೊಂದು ಕಡೆ ಶೇ. 0.4. ಇದು ಪ್ರಾಮಾಣಿಕವಾದ ಉತ್ತರ, ಅದನ್ನು ಎದುರಿಸಲೇಬೇಕು.

ಎದುರಿಸಿದರೂ ಅದು ನಿಲ್ಲುವುದಿಲ್ಲ. ವಯಸ್ಸು, ಲಿಂಗ, ಗಡ್ಡೆಯ ಜಾಗ ಹೊಂದಿಸಿದ್ದರೇ ಹೊರತು ಮೊದಲ ಭೇಟಿಯ ಹೊತ್ತಿಗೆ ರೋಗ ಎಷ್ಟು ಹರಡಿತ್ತು, ರೋಗಿ ಎಷ್ಟು ಸೊರಗಿದ್ದ ಎಂಬುದನ್ನು ಹೊಂದಿಸಿರಲಿಲ್ಲ. ಅಸ್ಕಾರ್ಬೇಟ್ ಪಟ್ಟಿಗೆ ಸೇರಬೇಕಾದರೆ ಮೊದಲ ಭೇಟಿಯಿಂದ ಡ್ರಿಪ್ ಹಾಕುವ ದಿನದವರೆಗೆ ಬದುಕಿ ಉಳಿದಿರಬೇಕಿತ್ತು, ಡ್ರಿಪ್ ತಡೆದುಕೊಳ್ಳುವಷ್ಟು ಕಸುವೂ ಬೇಕಿತ್ತು. ಈ ಜರಡಿ ಹಿಡಿದದ್ದು ಒಂದೇ ಗುಂಪಿಗೆ. ಯಾರಿಗೆ ಡ್ರಿಪ್ ಹಾಕುವುದೆಂದು ನಿರ್ಧರಿಸುವಾಗ ಇವರಿನ್ನೂ ಸ್ವಲ್ಪ ದಿನ ಇರುತ್ತಾರೆ ಎಂದು ಅನುಭವಿ ವೈದ್ಯರ ಕಣ್ಣಿಗೆ ಕಾಣದೆ ಇರುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಇಂಥ ಜರಡಿಯಿಂದ ಪಾರಾಗುವ ದಾರಿ ಆಗಲೇ ಗೊತ್ತಿತ್ತು. 1978ರ ಪ್ರಬಂಧ ಬಂದ ಸಂಚಿಕೆಯಲ್ಲೇ, ಅದರ ಬೆನ್ನಿಗೆ, ಜೂಲಿಯಸ್ ಕೊಮ್ರೋ ಅವರ ಟಿಪ್ಪಣಿ ಅಚ್ಚಾಗಿದೆ: ಹಿಂದಿನ ದಾಖಲೆ ಸಾಲದು, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ಮುಂದಕ್ಕೆ ನೋಡಬೇಕು ಎಂಬುದು ಅದರ ಒತ್ತಾಯ.

ಹಾಗೆ ರೋಗಿಗಳನ್ನು ಹಂಚಿ ನಡೆಸಿದ ಮೇಯೊ ಪ್ರಯೋಗಗಳ ಮೇಲೆ ಪಾಲಿಂಗ್ ಎತ್ತಿದ ಆಕ್ಷೇಪಗಳಲ್ಲಿ ಕೆಲವು ನ್ಯಾಯವಾಗಿಯೇ ಇದ್ದವು. 1979ರ ಪ್ರಯೋಗದ 123 ರೋಗಿಗಳಲ್ಲಿ ಹೆಚ್ಚಿನವರು ಮೊದಲೇ ಕೀಮೊಥೆರಪಿಯಲ್ಲಿ ಬಳಲಿದ್ದರು. ಕೀಮೊ ಪಡೆಯದ, ದೊಡ್ಡ ಕರುಳಿನ ಕ್ಯಾನ್ಸರಿನ 100 ರೋಗಿಗಳ 1985ರ ಪ್ರಯೋಗದಲ್ಲಿ ರೋಗ ಉಲ್ಬಣಿಸಿದೊಡನೆ ವಿಟಮಿನ್ ನಿಲ್ಲಿಸಲಾಯಿತು. ಇವನ್ನು ಚರ್ಚಿಸಲಿ. ಆದರೆ ಮೇಯೊದವರ ಲೋಪದಿಂದ ವೇಲ್ ಆಫ್ ಲೆವೆನ್ನಿನ ದಿನಾಂಕ ಸರಿಹೋಗುವುದಿಲ್ಲ.

ಮೇಯೊದಲ್ಲಿ ಬಾಯಿಯ ಮೂಲಕ ಮಾತ್ರ ಕೊಟ್ಟರು ಎಂಬುದು ಇತ್ತೀಚಿನ ವಾದ. ಡ್ರಿಪ್ಪಿನಲ್ಲಿ ಕೊಟ್ಟಾಗ ರಕ್ತದಲ್ಲಿ ವಿಟಮಿನ್ನಿನ ಮಟ್ಟ ಬಾಯಿಯಿಂದ ಸಾಧ್ಯವಾಗುವುದಕ್ಕಿಂತ ಹತ್ತಾರು ಪಟ್ಟು ಏರುತ್ತದೆ ಎಂದು ಮಾರ್ಕ್ ಲೆವೀನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಇದು ಮುಖ್ಯ ಶೋಧ, ಹೊಸ ಪ್ರಯೋಗಗಳಿಗೆ ತಕ್ಕ ಕಾರಣ. ಹಾಗೆಂದು ಆ ಪ್ರಯೋಗಗಳ ಪೀಠಿಕೆಯಲ್ಲಿ 210 ಮತ್ತು 50 ದಿನಗಳ ಹಳೆಯ ಅಂಕಿಗಳನ್ನು ಆಧಾರವೆಂದು ತರುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಆ 50 ದಿನಗಳನ್ನು ಎಲ್ಲಿಂದ ಎಣಿಸಿದರು ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಲಿ. ರೋಗಿಯ ಮನೆಯವರು ಓದುವುದು ಆ ಪೀಠಿಕೆಯನ್ನೇ.