ಬೇಗಂ ಸಮ್ರೂ ಮನೆಯ ಮುಂಭಾಗ: ಚಾಂದನಿ ಚೌಕದ ಹಳೆಯ ಬ್ಯಾಂಕ್ ಕಟ್ಟಡದ ಕಾಲನಿರ್ಣಯ

ಹಳೆಯ ದೆಹಲಿಯ ಭಾಗೀರಥ ಪ್ಯಾಲೇಸಿನಲ್ಲಿ, ವಿದ್ಯುತ್ ಸಾಮಾನಿನ ಸಗಟು ಮಳಿಗೆಗಳ ನಡುವೆ ಸಿಕ್ಕಿಕೊಂಡಿರುವ ಕಂಬಸಾಲಿನ ಕಟ್ಟಡದ ಸ್ಥೂಲ ಚರಿತ್ರೆಯಲ್ಲಿ ತಕರಾರಿಲ್ಲ. ಸರ್ಧಾನದ ಒಡತಿ ಬೇಗಂ ಸಮ್ರೂ (ನಿಧನ 1836) ಕಟ್ಟಿಸಿದ ಮನೆಯಿದು. 1847ರಲ್ಲಿ ದೆಹಲಿ ಬ್ಯಾಂಕಿನ ಕೈಸೇರಿತೆಂಬುದು ರೂಢಿಯ ಲೆಕ್ಕ. 1857ರ ಮೇ 11ರಂದು ಬ್ಯಾಂಕಿನ ವ್ಯವಸ್ಥಾಪಕ ಬೆರೆಸ್‌ಫರ್ಡ್ ಕುಟುಂಬಸಮೇತ ಇಲ್ಲಿ ಹತನಾದ. ಮುಂದೆ ಲಾಯ್ಡ್ಸ್ ಬ್ಯಾಂಕ್, ಆಮೇಲೆ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಬಂದವು.

ವಿವಾದವಿರುವುದು ಮುಂಭಾಗದ ಬಗ್ಗೆ. ಈ ಗ್ರೀಕ್ ಮಾದರಿಯ ಕಂಬಗಳನ್ನು ವಸಾಹತು ಬ್ಯಾಂಕಿನ ಠೀವಿಯೆಂದು ಓದುವುದು ಸುಲಭ. ಠೇವಣಿದಾರರ ನಂಬಿಕೆ ಗಳಿಸಲು ಬ್ಯಾಂಕುಗಳು ಇಂಥ ಮುಖ ತೊಟ್ಟದ್ದು ಬೇರೆಡೆ ನಿಜವೇ. ಇಲ್ಲಿ ಆ ಓದು ನಿಲ್ಲದು. ಥಾಮಸ್ ಮೆಟ್ಕಾಫ್ 1844ರಲ್ಲಿ ಸಿದ್ಧಪಡಿಸಿದ ದೆಹಲಿ ಚಿತ್ರಸಂಪುಟದಲ್ಲಿ, ಸ್ಥಳೀಯ ಕಲಾವಿದ ಮಝರ್ ಅಲಿ ಖಾನ್ ಬಿಡಿಸಿದ ಬೇಗಂ ಮನೆಯಲ್ಲಿ ಕಂಬಸಾಲು ಆಗಲೇ ಇದೆ. ಬ್ಯಾಂಕು ಬರುವುದಕ್ಕೆ ಮೊದಲಿನ ಸಾಕ್ಷ್ಯವಿದು. 1822ರಲ್ಲಿ ಮುಗಿದ ಸರ್ಧಾನದ ಚರ್ಚಿಗೂ ಬೇಗಂ ಕಂಬಗಳ ಪಡಸಾಲೆಯನ್ನೇ ಆರಿಸಿಕೊಂಡಿದ್ದಳು. ಹೀಗಾಗಿ ಬ್ಯಾಂಕಿನ ಗತ್ತೆಂದು ನಾವು ನೋಡುತ್ತಿರುವುದು, ಮೊಘಲ್ ದರಬಾರಿಗೂ ಕಂಪನಿಯ ರೆಸಿಡೆಂಟರಿಗೂ ಸಮನಾಗಿ ಬಾಳಿದ ದೇಶೀಯ ಆಳರಸಿಯ ಗತ್ತು ಎಂದು ನನ್ನ ವಾದ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು 1906ರ ಕಾರ್ಪೊರೇಷನ್ ಬ್ಯಾಂಕಿನ ತವರೆಂದು ಗುರುತಿಸುತ್ತೇವೆ. ಅಲ್ಲಿ ಬ್ಯಾಂಕಿನೊಡನೆ ಮನೆಯ ಯಜಮಾನರ ಹೆಸರೂ ಉಳಿದಿದೆ. ದೆಹಲಿಯ ಒಡತಿಗೂ ಅಷ್ಟು ಸಲ್ಲಬೇಕು.

ಆದರೆ ಈ ವಾದಕ್ಕೆ ಎಲ್ಲೆಗಳಿವೆ. ಚಿತ್ರ ಸಾಬೀತುಪಡಿಸುವುದು ವಿನ್ಯಾಸವನ್ನಷ್ಟೇ. ಇಂದು ನಿಂತಿರುವ ಇಟ್ಟಿಗೆ, ಗಾರೆಗಳನ್ನಲ್ಲ. 1858ರಲ್ಲಿ ಫೆಲಿಚೆ ಬಿಯಾಟೊ ತೆಗೆದ ಛಾಯಾಚಿತ್ರದಲ್ಲಿ ಬ್ಯಾಂಕು ಜಖಂಗೊಂಡಿದೆ, ಅಂದರೆ ದುರಸ್ತಿ ಆಮೇಲಿನದು. ಅದು ಹಳೆಯ ರೂಪವನ್ನು ಎಷ್ಟು ಪಾಲಿಸಿತೋ ಚಿತ್ರದಿಂದ ತಿಳಿಯದು. ಸರ್ಧಾನದ ಚರ್ಚು ಕಟ್ಟಿದ ರೆಘೆಲಿನಿಯ ಹೆಸರನ್ನು ಶೈಲಿಯ ಹೋಲಿಕೆಯೊಂದರಿಂದಲೇ ಈ ಮನೆಗೂ ಅಂಟಿಸುವುದು ಅವಸರವಾದೀತು.

ಗಾರೆಯ ಒಳಗೆ ಏನಿದೆಯೆಂಬುದು ಮುಖ್ಯ. ಕಂಬದ ತಿರುಳಿನಲ್ಲಿ ತೆಳುವಾದ ಲಖೌರಿ ಇಟ್ಟಿಗೆ ಸಿಕ್ಕರೆ ಬೇಗಂ ಕಾಲದ ಕಡೆಗೆ ತಕ್ಕಡಿ ವಾಲುತ್ತದೆ. ದೊಡ್ಡ ಅಳತೆಯದಾದರೆ 1857ರ ನಂತರದ ಕಡೆಗೆ. ಕೆಡವಿದ ಲಖೌರಿಯನ್ನು ಮತ್ತೆ ಬಳಸಿರುವ ಸಾಧ್ಯತೆಯೂ ಇರುವುದರಿಂದ ಸುಣ್ಣದ ಗಾರೆಯ ಪರೀಕ್ಷೆ ಜೊತೆಗೇ ನಡೆಯಬೇಕು.