ಹಮ್ಜಾನಾಮೆಯ ಚಿತ್ರಪಟಗಳೂ ಅಕ್ಬರನ ಓದೂ

ಮೊಗಲ್ ಚಕ್ರವರ್ತಿಯಾದ ಅಕ್ಬರನಿಗೆ ಓದುಬರೆಹ ಬಾರದೆಂಬುದು ಇತಿಹಾಸಪುಸ್ತಕಗಳಲ್ಲೆಲ್ಲ ಕಾಣುವ ಮಾತು. ಅವನ ಮಗನಾದ ಜಹಾಂಗೀರನೇ ತನ್ನ ಆತ್ಮಚರಿತ್ರೆಯಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಆದರೂ ತಂದೆಯು ಪಂಡಿತರೊಡನೆ ಸಂಭಾಷಿಸುತ್ತಿದ್ದುದನ್ನು ಕೇಳಿದವರಿಗೆ ಈ ಕೊರತೆ ಹೊಳೆಯುತ್ತಲೇ ಇರಲಿಲ್ಲವೆಂದೂ ಹೇಳಿದ್ದಾನೆ. ಇದೇ ಅಕ್ಬರನು ಇಪ್ಪತ್ತರ ಆಸುಪಾಸಿನಲ್ಲಿ ಬರೆಯಿಸತೊಡಗಿದ ಹಮ್ಜಾನಾಮೆಯು ೧೪೦೦ ಚಿತ್ರಗಳುಳ್ಳ ಸಾಹಸಕಥೆ. ಇವೆರಡು ಸಂಗತಿಗಳನ್ನು ಕೂಡಿಸಿ, ಓದಲಾರದ ತರುಣ ಅರಸನಿಗೆ ಅಕ್ಷರಕ್ಕೆ ಬದಲಾಗಿ ಚಿತ್ರವನ್ನೊದಗಿಸಿದ ಗ್ರಂಥವಿದೆಂದು ತೀರ್ಮಾನಿಸುವುದು ಸುಲಭ. ಗ್ರಂಥದ ಕಟ್ಟಡವನ್ನು ಪರೀಕ್ಷಿಸಿದರೆ ಈ ತೀರ್ಮಾನವು ನಿಲ್ಲುವಂತೆ ತೋರುವುದಿಲ್ಲ.

ಅಕ್ಬರನು ಪಾಠಕ್ಕೆ ಒಗ್ಗದ ಬಾಲಕನಾಗಿದ್ದನೆಂಬುದರಲ್ಲಿ ಸಂದೇಹವಿಲ್ಲ. ೧೫೪೭ರಲ್ಲಿ, ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ, ಅವನ ಅಕ್ಷರಾಭ್ಯಾಸಕ್ಕೆ ತಂದೆಯಾದ ಹುಮಾಯೂನನು ಶುಭಮುಹೂರ್ತವನ್ನು ಗೊತ್ತುಮಾಡಿದನು. ಜ್ಯೋತಿಷದಲ್ಲಿ ಹುಮಾಯೂನನಿಗೆ ಬಹಳ ನಂಬಿಕೆ. ಮುಹೂರ್ತವು ಬಂದಿತು; ಹುಡುಗನು ಆಟಕ್ಕೆಂದು ಎಲ್ಲಿಯೋ ಅಡಗಿಕೊಂಡಿದ್ದನು. ಅವನಿಗೆ ದೊರೆತ ಮೊದಲನೆಯ ಉಪಾಧ್ಯಾಯನು ಪಾರಿವಾಳದ ಹುಚ್ಚಿನವನೆಂಬ ಕಾರಣದಿಂದ ಕೆಲಸವನ್ನು ಕಳೆದುಕೊಂಡನು. ಆತನ ತರುವಾಯ ಬಂದವರಿಗೂ ಹೆಚ್ಚು ಫಲ ಸಿಕ್ಕಲಿಲ್ಲ. ಅಬುಲ್ ಫಜಲನು ಇದನ್ನೆಲ್ಲ ದೈವದತ್ತವಾದ ಜ್ಞಾನದ ಗುರುತೆಂದು ವರ್ಣಿಸಿದ್ದಾನೆ. ಆಸ್ಥಾನದ ಇತಿಹಾಸಕಾರನು ಬೇರೆ ಹೇಗೆ ತಾನೆ ಬರೆದಾನು! ಆದರೆ ಅಕ್ಷರದಿಂದ ತಪ್ಪಿಸಿಕೊಂಡ ಈ ಹುಡುಗನೇ ಕಾಬೂಲಿನಲ್ಲಿ ಪಾರಸಿಕ ಚಿತ್ರಕಾರರಾದ ಮೀರ್ ಸಯ್ಯದ್ ಅಲಿ, ಖ್ವಾಜಾ ಅಬ್ದುಸ್ ಸಮದ್ ಇವರ ಬಳಿ ಚಿತ್ರ ಬರೆಯುವುದನ್ನು ಆಸಕ್ತಿಯಿಂದ ಕಲಿತನೆಂಬುದನ್ನು ಮರೆಯಲಾಗದು. ಹಮ್ಜಾನಾಮೆಯ ಕಾರ್ಯಭಾರವು ಮುಂದೆ ಈ ಇಬ್ಬರ ಮೇಲೆಯೇ ಒಂದಾದಮೇಲೊಂದಾಗಿ ಬಿದ್ದಿತು.

ಕಥಾನಾಯಕನಾದ ಅಮೀರ್ ಹಮ್ಜಾ ಪೈಗಂಬರರ ಚಿಕ್ಕಪ್ಪ. ಆದರೆ ಕಥೆಗಾರರ ಬಾಯಲ್ಲಿ ಬೆಳೆದ ಈ ಆಖ್ಯಾನದಲ್ಲಿ ಚರಿತ್ರೆಯ ಅಂಶ ಅತ್ಯಲ್ಪ. ದೈತ್ಯರು, ಘಟಸರ್ಪಗಳು, ಮಾಯಾವಿಗಳು, ಸೆರೆಮನೆಗಳು, ಸಮುದ್ರಯಾನಗಳು, ಇವೆಲ್ಲಕ್ಕೂ ಮಿಗಿಲಾಗಿ ವೇಷ ಮರೆಸಿಕೊಂಡು ಶತ್ರುಗಳ ಕೋಟೆಯನ್ನು ಹೊಗುವ ಗೂಢಚಾರರು: ಇವೇ ಅದರ ಜೀವಾಳ. ಸುಮಾರು ೧೫೬೨ರಿಂದ ೧೫೭೭ರ ವರೆಗೆ ಹದಿನೈದು ವರ್ಷ ಈ ಕಾರ್ಯವು ನಡೆಯಿತೆಂದು ವಿದ್ವಾಂಸರಲ್ಲಿ ಹಲವರ ಮತ. ಸಂಪುಟಗಳ ಸಂಖ್ಯೆಯಲ್ಲಿ ಅಬುಲ್ ಫಜಲನಿಗೂ ಬದಾಯೂನಿಗೂ ಒಮ್ಮತವಿಲ್ಲ. ಒಂದೊಂದು ಚಿತ್ರವೂ ಬಟ್ಟೆಯ ಮೇಲೆ ಬರೆದುದು. ಎತ್ತರ ಎರಡಡಿಗೂ ಮಿಕ್ಕಿದೆ. ಪಾರಸಿಕ ಗ್ರಂಥಗಳ ಅಂಗೈಯಗಲದ ಸೂಕ್ಷ್ಮಚಿತ್ರಗಳನ್ನು ಕಂಡ ಕಣ್ಣಿಗೆ ಈ ಗಾತ್ರವೇ ಒಂದು ಆಶ್ಚರ್ಯ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಪಟದಲ್ಲಿ ಪ್ರವಾದಿ ಇಲ್ಯಾಸನು ನೂರುದ್ದಹರನೆಂಬ ರಾಜಕುಮಾರನನ್ನು ಕಡಲಿನಿಂದ ಎತ್ತುತ್ತಿದ್ದಾನೆ. ಇದು ಬಸಾವನನ ಕೈಯದೆಂದು ವಿಮರ್ಶಕರ ಎಣಿಕೆ. ಅಲೆಗಳ ಹೊರಳಾಟದಲ್ಲಿಯೂ ದಡದ ದಟ್ಟವಾದ ಮರಗಳಲ್ಲಿಯೂ ಕಾಣುವ ಸತ್ತ್ವವು ಪಾರಸಿಕ ಗುರುಗಳಿಂದ ಬಂದುದಲ್ಲ; ಅದು ಈ ನೆಲದ್ದು. ಮೇನೆ ಹೊರುವವರ ಕುಲದಲ್ಲಿ ಹುಟ್ಟಿ, ಗೋಡೆಗಳ ಮೇಲೆ ಚಿತ್ರ ಗೀಚುತ್ತಿದ್ದ ದಸವಂತನನ್ನು ಅಕ್ಬರನೇ ಗುರುತಿಸಿ ಅಬ್ದುಸ್ ಸಮದನಿಗೆ ಒಪ್ಪಿಸಿದನೆಂದು ಐನೆ ಅಕ್ಬರಿಯಲ್ಲಿದೆ.

ಇನ್ನು ಮುಖ್ಯವಾದ ವಿಷಯ. ಚಿತ್ರಪಟದ ಹಿಂಬದಿಯಲ್ಲಿ ಕಥೆಯ ಗದ್ಯವನ್ನು ದೊಡ್ಡಕ್ಷರಗಳಲ್ಲಿ ಬರೆದಿದೆ. ಇದನ್ನು ಕಂಡು, ಒಬ್ಬನು ಪಟವನ್ನು ಸಭೆಗೆ ಎದುರಾಗಿ ಹಿಡಿಯುತ್ತಿದ್ದನು, ಹಿಂದೆ ನಿಂತವನು ಬರೆಹವನ್ನು ಓದುತ್ತಿದ್ದನು ಎಂದು ಊಹಿಸಿದವರುಂಟು. ಊಹೆಯೇನೋ ಸೊಗಸಾಗಿದೆ. ಆದರೆ ಬರೆಹವನ್ನೂ ಚಿತ್ರವನ್ನೂ ಹೋಲಿಸಿ ನೋಡಿದ ವಿದ್ವಾಂಸರು, ಒಂದು ಹಾಳೆಯ ಬೆನ್ನ ಮೇಲಣ ಗದ್ಯವು ಆ ಹಾಳೆಯ ಚಿತ್ರಕ್ಕಲ್ಲ, ಮುಂದಿನ ಹಾಳೆಯ ಚಿತ್ರಕ್ಕೆ ಸೇರಿದುದೆಂದು ತೋರಿಸಿದ್ದಾರೆ. ಎಂದರೆ ಪುಸ್ತಕವನ್ನು ತೆರೆದಿಟ್ಟಾಗ ಗದ್ಯವೂ ಅದರ ಚಿತ್ರವೂ ಎದುರುಬದುರಾಗಿ ಕಾಣಬೇಕೆಂಬುದೇ ಗ್ರಂಥಕಾರರ ಉದ್ದೇಶ. ಚಿತ್ರವು ಅಕ್ಷರಕ್ಕೆ ಬದಲು ಬಂದುದಾಗಿದ್ದರೆ ಈ ಎಚ್ಚರಿಕೆ ಬೇಕಾಗಿರಲಿಲ್ಲ. ಇಷ್ಟು ಉದ್ದವಾದ ಬರೆಹವೂ ಬೇಕಾಗಿರಲಿಲ್ಲ.

ಅಕ್ಬರನ ಓದಿನ ಕ್ರಮವೂ ಇದಕ್ಕೆ ಹೊಂದುತ್ತದೆ. ವಾಚಕರು ಪ್ರತಿದಿನವೂ ಗ್ರಂಥಗಳನ್ನು ಅವನ ಮುಂದೆ ಮೊದಲಿನಿಂದ ಕಡೆಯವರೆಗೆ ಓದಬೇಕಾಗಿತ್ತು. ಅಂದಂದಿಗೆ ಓದು ನಿಂತ ಕಡೆಯಲ್ಲಿ ಅರಸನು ತನ್ನ ಲೇಖನಿಯಿಂದಲೇ ಪುಟಗಳ ಲೆಕ್ಕದ ಗುರುತನ್ನು ಹಾಕುತ್ತಿದ್ದನು. ವಾಚಕರಿಗೆ ಹಾಳೆಗಳ ಎಣಿಕೆಯ ಮೇಲೆ ಹೊನ್ನು ಬೆಳ್ಳಿ ಸಲ್ಲುತ್ತಿತ್ತು. ಕೇಳಿದುದನ್ನು ಅವನು ಮರೆಯುತ್ತಿರಲಿಲ್ಲ. ೧೫೬೪ರಲ್ಲಿ ಆನೆಯ ಬೇಟೆಯಾದಮೇಲೆ ದರ್ಬಾರ್ ಖಾನನೆಂಬ ಆಸ್ಥಾನದ ಕಥೆಗಾರನಿಂದ ಹಮ್ಜಾನ ಕಥೆಯನ್ನು ಹೇಳಿಸಿ ಕೇಳಿದನು. ಅಂತಃಪುರದಲ್ಲಿ ಅರಸನೇ ಕಥೆಗಾರನಂತೆ ಇದನ್ನು ಹೇಳುತ್ತಿದ್ದನೆಂದು ಹದಿನೆಂಟನೆಯ ಶತಮಾನದ ಮಆಸಿರುಲ್ ಉಮರಾ ಎಂಬ ಗ್ರಂಥದಲ್ಲಿದೆ. ಒಬ್ಬನು ಓದಿ ಹಲವರು ಕೇಳುವ ಈ ಬಗೆಯ ಓದು ಗಮಕವಾಚನದ ಪರಿಚಯವುಳ್ಳವರಿಗೆ ಹೊಸದಲ್ಲ. ಬಣ್ಣದ ಚಿತ್ರಗಳೊಡನೆ ಕಥೆ ಹೇಳುವ ಚಿತ್ರಕಥಕನನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಹೆಸರಿಸಿದ್ದಾನೆ. ಇಂಥ ಓದಿನಲ್ಲಿ ಅಕ್ಷರವನ್ನು ಕಾಣುವ ಕಣ್ಣು ಒಬ್ಬನದು, ಚಿತ್ರವನ್ನು ಕಾಣುವ ಕಣ್ಣು ಮತ್ತೊಬ್ಬನದು. ಗ್ರಂಥವು ಇಬ್ಬರಿಗೂ ಸೇರಿದ್ದು. ‘ನಿರಕ್ಷರಿ’ ಎಂಬ ಒಂದೇ ಮಾತಿನಿಂದ ಅಕ್ಬರನ ಶಿಕ್ಷಣವನ್ನು ಅಳೆಯುವವರು ಗಮನಿಸದಿರುವುದು ಇದನ್ನೇ.

ಹಮ್ಜಾನಾಮೆಯ ತರುವಾಯ ಅವನು ಆರಿಸಿಕೊಂಡ ಗ್ರಂಥಗಳೂ ಈ ಮಾತಿಗೆ ಸಾಕ್ಷಿ. ೧೫೮೨ರಲ್ಲಿ ಮಹಾಭಾರತದ ಪಾರಸಿಕ ಭಾಷಾಂತರಕ್ಕೆ ಅಪ್ಪಣೆಯಾಯಿತು. ರಜ್ಮನಾಮೆಯೆಂಬ ಆ ಗ್ರಂಥಕ್ಕೂ ಅವನ ಚಿತ್ರಶಾಲೆಯೇ ಚಿತ್ರ ಬರೆಯಿತು. ಪಂಚತಂತ್ರದಿಂದ ಇಳಿದುಬಂದ ಅನ್ವಾರೆ ಸುಹೈಲಿಯ ಶೈಲಿಯು ತೀರ ಕ್ಲಿಷ್ಟವಾಗಿದ್ದುದರಿಂದ, ಅದನ್ನು ತಿಳಿಗೊಳಿಸಿ ಬರೆಯುವಂತೆ ಅಬುಲ್ ಫಜಲನಿಗೆ ಆಜ್ಞೆಯಾಗಿ, ೧೫೮೮ರಲ್ಲಿ ಇಯಾರೆ ದಾನಿಷ್ ಸಿದ್ಧವಾಯಿತು. ಕಿವಿಯಿಂದ ಓದುವವನಿಗೆ ಮಾತಿನ ತೊಡಕು ಕಣ್ಣಿನಿಂದ ಓದುವವನಿಗಿಂತ ಬೇಗ ಗೊತ್ತಾಗುತ್ತದೆ. ಪಾಠಕ್ಕೆ ಸಿಕ್ಕದೆ ಅಡಗಿಕೊಂಡ ಹುಡುಗನು ಕಡೆಗೆ ಗದ್ಯಶೈಲಿಯ ಪರೀಕ್ಷಕನಾದುದು ವಿನೋದವಾಗಿದೆ.

ಹಮ್ಜಾನಾಮೆಯ ೧೪೦೦ ಪಟಗಳಲ್ಲಿ ಉಳಿದಿರುವುವು ಇನ್ನೂರಕ್ಕೂ ಕಡಮೆ. ಅರುವತ್ತರಷ್ಟು ಹಾಳೆಗಳು ೧೮೭೩ರ ವಿಯೆನ್ನಾ ವಸ್ತುಪ್ರದರ್ಶನದ ಕಾಲದಲ್ಲಿ ಆ ನಗರಕ್ಕೆ ಸೇರಿ ಈಗಲೂ ಅಲ್ಲಿವೆ. ೧೮೮೧ರಲ್ಲಿ ಕ್ಯಾಸ್ಪರ್ ಪರ್ಡನ್ ಕ್ಲಾರ್ಕನು ಶ್ರೀನಗರದಲ್ಲಿ ಇಪ್ಪತ್ತಕ್ಕೂ ಮಿಕ್ಕ ಪಟಗಳನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕಾಗಿ ಕೊಂಡನು. ಅವುಗಳಲ್ಲಿ ಕೆಲವು ಚಳಿಗಾಳಿಯನ್ನು ತಡೆಯಲು ಕಿಟಕಿಗಳಿಗೆ ಅಡ್ಡವಾಗಿದ್ದುವು. ವಿಗ್ರಹದ್ವೇಷಿಗಳು ಹಲವು ಪಟಗಳಲ್ಲಿ ಮನುಷ್ಯರ ಮುಖಗಳನ್ನು ಕೆರೆದುಹಾಕಿದ್ದಾರೆ. ಹೀಗೆ ಚೆದುರಿಹೋದ ಚಿತ್ರಗಳಲ್ಲಿ ಯಾವುದು ಮೊದಲು, ಯಾವುದು ತರುವಾಯ ಎಂಬುದನ್ನು ವಿದ್ವಾಂಸರು ಗೊತ್ತುಹಚ್ಚುತ್ತಿರುವುದು ಬಹುಮಟ್ಟಿಗೆ ಅವುಗಳ ಬೆನ್ನ ಮೇಲಿನ ಅಕ್ಷರಗಳ ಸಹಾಯದಿಂದ.